ಹಳೆಯ ಸಾರ್ವಜನಿಕ ಕಟ್ಟಡಕ್ಕೆ ಹೊಸ ಮಳಿಗೆ ಸಾಲು: ಅಳತೆ, ಪಾಯ, ಎಚ್ಚರಿಕೆ

ಪುರಸಭೆ ಕಚೇರಿ, ಹಳೆಯ ತಾಲ್ಲೂಕು ಕಚೇರಿ, ಪುರಭವನ, ಗ್ರಂಥಾಲಯ, ಬಸ್ ನಿಲ್ದಾಣ: ರಸ್ತೆ ಕಡೆಗೆ ಖಾಲಿ ಜಾಗವಿರುವ ಯಾವ ಸಾರ್ವಜನಿಕ ಕಟ್ಟಡವಾದರೂ ಸರಿ, "ಮುಂದೆ ಒಂದು ಸಾಲು ಮಳಿಗೆ ಕಟ್ಟಿ ಬಾಡಿಗೆಗೆ ಕೊಡೋಣ" ಎಂಬ ಮಾತು ಒಂದಲ್ಲ ಒಂದು ಸಭೆಯಲ್ಲಿ ಏಳುತ್ತದೆ. ಅದರ ಹಿಂದೆಯೇ ಸದಸ್ಯರು, ಟ್ರಸ್ಟಿಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಕೇಳುವ ಪ್ರಶ್ನೆಗಳೂ ಬಹುಪಾಲು ಒಂದೇ. ಹಳೇ ಗೋಡೆಗೆ ಅಂಟಿಸಿ ಕಟ್ಟಬಹುದೇ? ಮಳಿಗೆ ಎಷ್ಟು ಅಗಲ ಇರಬೇಕು? ಮುಂದೆ ಮಹಡಿ ಏರಿಸಬಹುದೇ? ಹೊಸದಾಗಿ ಕಟ್ಟಿದ ಮೇಲೆ ಹಳೇ ಕಟ್ಟಡ ಯಾಕೆ ಸೋರುತ್ತದೆ?

ಉತ್ತರಕ್ಕೆ ಹೋಗುವ ಮೊದಲು ಒಂದು ಮಾತು. ಬೀಗದ ಕೈ ಸಿಕ್ಕಿದ ತಿಂಗಳಲ್ಲೇ ಅಂಗಡಿಯವರು ಮುಂದಕ್ಕೆ ತಗಡಿನ ಶೀಟು ಇಳಿಸುತ್ತಾರೆ, ಗೋಡೆ ಕೊರೆದು ಏಸಿ ಕೂರಿಸುತ್ತಾರೆ, ಸಾಮಾನಿಡಲು ಅಟ್ಟ ಹೊಡೆಯುತ್ತಾರೆ, ಓಡಾಡುವ ಜಾಗಕ್ಕೆ ಡಬ್ಬಗಳನ್ನು ತಂದು ಜೋಡಿಸುತ್ತಾರೆ. ಇದಕ್ಕೆಲ್ಲ ನೋಟಿಸು ಕೊಟ್ಟು ಸುಸ್ತಾದ ಸಂಸ್ಥೆಗಳೇ ಹೆಚ್ಚು. ಆದರೆ ಬಿಸಿಲು ಬೀಳುವುದು, ಏಸಿ ಬೇಕಾಗುವುದು, ಸರಕು ಹೆಚ್ಚುವುದು ಯಾವುದೂ ಅಂಗಡಿಯವರ ಅಪರಾಧವಲ್ಲ. ನಕ್ಷೆ ಬರೆದವರು ಅದಕ್ಕೆ ಜಾಗ ಕೊಟ್ಟಿರಲಿಲ್ಲ, ಅಷ್ಟೇ. ಆದ್ದರಿಂದ ಅವರು ಮಾಡಿಯೇ ಮಾಡುವುದನ್ನೆಲ್ಲ ಮೊದಲೇ ನಕ್ಷೆಯೊಳಗೆ ಕೂರಿಸಿಬಿಡಿ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಅಳತೆ ಕಣ್ಣಿಗೆ ಕಟ್ಟಲೆಂದು ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಹಿಂದೆ ಒಂದಂತಸ್ತಿನ ಹಳೆಯ ಕಚೇರಿ, ರಸ್ತೆ ಬದಿಗೆ 30 ಮೀಟರ್ ಉದ್ದದ ಜಾಗ.

1. ಕಾಗದ ಮೊದಲು, ನಕ್ಷೆ ಆಮೇಲೆ

ಖಾತೆ ಸಂಸ್ಥೆಯ ಹೆಸರಿನಲ್ಲಿದೆ ಎಂದರೆ ಗಡಿ ಸರಿಯಿದೆ ಎಂದಲ್ಲ. ಸರ್ವೆ ಇಲಾಖೆಯಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ. ರಸ್ತೆ ಯಾವ ಇಲಾಖೆಯದು, ಅಗಲೀಕರಣದ ಗೆರೆ ಎಲ್ಲಿದೆ, ಊರಿನ ಮಹಾಯೋಜನೆ ಎಷ್ಟು ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಎಷ್ಟು ಖಾಲಿ ಜಾಗ ಬಿಡಬೇಕೆನ್ನುತ್ತದೆ, ಈ ಮೂರಕ್ಕೂ ಲಿಖಿತ ಉತ್ತರ ತೆಗೆದುಕೊಳ್ಳಿ. ಮೌಖಿಕ ಭರವಸೆಯ ಮೇಲೆ ಕಟ್ಟಿದ ಮಳಿಗೆ ರಸ್ತೆ ಅಗಲ ಮಾಡುವಾಗ ಮೊದಲು ಹೋಗುತ್ತದೆ.

ಶ್ರೀರಂಗಪಟ್ಟಣ, ಬಾದಾಮಿ, ಬೀದರ್, ವಿಜಯಪುರದಂಥ ಊರುಗಳಲ್ಲಿ ಇನ್ನೊಂದು ತಡೆ ಇದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ, ಅನುಮತಿ ಬೇಕೇ ಬೇಕು. ಕಟ್ಟುತ್ತಿರುವುದು ನಗರಸಭೆಯೇ ಆದರೂ ರಿಯಾಯಿತಿ ಸಿಗುತ್ತದೆಂದು ನಂಬಿ ಕೂರಬೇಡಿ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆ ಇದೆ. ನಿಮ್ಮ ಹಳೆಯ ಕಟ್ಟಡವೇ ಪಾರಂಪರಿಕ ಪಟ್ಟಿಯಲ್ಲಿದ್ದರಂತೂ ಪುರಾತತ್ವ ಇಲಾಖೆಯೊಂದಿಗೆ ಮಾತಾಡದೆ ಒಂದು ಗುದ್ದಲಿ ಏಟೂ ಬೇಡ.

ಜಾಗದ ಮೇಲೆ ಏನೇನಿದೆ ಎಂಬ ಪಟ್ಟಿಯನ್ನೂ ಈಗಲೇ ಮಾಡಿ: ಮರ, ವಿದ್ಯುತ್ ಕಂಬ, ಧ್ವಜಸ್ತಂಭ, ನೀರಿನ ಪೈಪು, ಒಳಚರಂಡಿ ಚೇಂಬರು. ಹೊಸ ಮಳಿಗೆಯ ನೆಲದಡಿ ಹಳೆಯ ಕಚೇರಿಯ ಸೆಪ್ಟಿಕ್ ಟ್ಯಾಂಕು ಸಿಕ್ಕುವುದು ಅಪರೂಪವೇನಲ್ಲ. ಇವುಗಳ ಸ್ಥಳಾಂತರದ ಖರ್ಚು ಅಂದಾಜು ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕಡಿಯದೆ ಒಂದು ಮಳಿಗೆ ಕಡಿಮೆ ಮಾಡಿಕೊಂಡರೆ ಉಳಿದ ಮಳಿಗೆಗಳಿಗೆ ನೆರಳು ಸಿಗುತ್ತದೆ ಎಂಬುದನ್ನೂ ತೂಗಿ ನೋಡಿ.

2. ಹಳೆಯ ಕಟ್ಟಡದ ನಾಡಿ ಹಿಡಿಯಿರಿ

ಹಳೇ ಕಟ್ಟಡದ ಪಾಯ ಎಷ್ಟು ಆಳ, ಯಾವ ಕಲ್ಲು, ಅಡಿಯಲ್ಲಿ ಎಂಥ ಮಣ್ಣು ಎಂಬುದಕ್ಕೆ ಕಡತದಲ್ಲಿ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ. ಗೋಡೆಯ ಪಕ್ಕ ಎರಡು ಕಡೆ ಒಂದು ಮೀಟರ್ ಚೌಕದ ಪರೀಕ್ಷಾ ಗುಂಡಿ ತೆಗೆಸಿ ಕಣ್ಣಾರೆ ನೋಡಿ, ಅಳೆದು, ಫೋಟೊ ತೆಗೆದು, ಅದೇ ದಿನ ಮುಚ್ಚಿಸಿ. ಮಳೆಗಾಲದಲ್ಲಿ ಈ ಕೆಲಸ ಬೇಡ.

ಗೋಡೆಯಲ್ಲಿ ಬಿರುಕುಗಳಿದ್ದರೆ ಅವುಗಳ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಮೊದಲು ಅದಕ್ಕೆ ಮದ್ದು, ಮಳಿಗೆ ಆಮೇಲೆ. ಈ ದಾಖಲೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ: ಕೆಲಸ ಶುರುವಾದ ಮೇಲೆ ಹೊಸ ಬಿರುಕು ಕಂಡರೆ ಅದು ಮೊದಲೇ ಇತ್ತೋ, ಗುತ್ತಿಗೆದಾರನ ಅಗೆತದಿಂದ ಬಂತೋ ಎಂಬ ಜಗಳ ಹುಟ್ಟುವುದಿಲ್ಲ.

ಸುಣ್ಣದ ಗಾರೆಯ ಗೋಡೆ, ಮದ್ರಾಸ್ ತಾರಸಿಯ ಸೂರು, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಸೂರು ಇರುವ ಕಟ್ಟಡಗಳಲ್ಲಿ ಜಾಸ್ತಿ ಜಾಗ್ರತೆ ಬೇಕು. ಇಂಥ ಗೋಡೆಗೆ ಸಿಮೆಂಟ್ ಗಾರೆ ಬಳಿದು ಮುಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಮೇಲಕ್ಕೇರುತ್ತದೆ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದವು. ಎರಡೂ ಮಳಿಗೆಗಳೇ ತುಂಬಿದ್ದ ಹಳೆಯ ಸಾರ್ವಜನಿಕ ಕಟ್ಟಡಗಳು. "ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ" ಎನ್ನುವವರಿಗೆ ಇವೆರಡನ್ನು ತೋರಿಸಿದರೆ ಸಾಕು.

3. ಅಂಟಿಸಿ ಕಟ್ಟುವುದೋ, ಬಿಟ್ಟು ಕಟ್ಟುವುದೋ

ಇಡೀ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. ಜಾಗ ಇದ್ದರೆ ಬಿಟ್ಟೇ ಕಟ್ಟಿ ಎಂಬುದು ನಮ್ಮ ಖಚಿತ ಸಲಹೆ. ಹಳೆಯ ಕಟ್ಟಡಕ್ಕೂ ಮಳಿಗೆಗಳ ಹಿಂಗೋಡೆಗೂ ನಡುವೆ ಕನಿಷ್ಠ 3 ಮೀಟರ್ ತೆರೆದ ಜಾಗ ಉಳಿಯಲಿ. ಕಚೇರಿಯ ಕಿಟಕಿಗಳಿಗೆ ಗಾಳಿ ಬೆಳಕು ಸಿಗುತ್ತದೆ, ಎರಡು ಪಾಯಗಳೂ ಒಂದರ ತಂಟೆಗೆ ಒಂದು ಬರುವುದಿಲ್ಲ, ಏಸಿ ಯಂತ್ರ, ಪೈಪು, ದುರಸ್ತಿ ಎಲ್ಲಕ್ಕೂ ಆ ಓಣಿ ಒದಗುತ್ತದೆ. ಓಣಿಯ ಎರಡೂ ತುದಿಗೆ ಗೇಟು ಹಾಕಿ ಬೀಗ ಕಚೇರಿಯ ಕೈಯಲ್ಲಿರಲಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಅದು ಗೋದಾಮು, ಇಲ್ಲವೇ ಮೂತ್ರದ ಮೂಲೆ.

ಜಾಗ ಸಾಲದೆ ಅಂಟಿಸಲೇಬೇಕಾದರೆ ಹೊಸ ಕಟ್ಟಡ ಹಳೆಯದರ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಅದರ ಮೇಲೆ ಒರಗಬಾರದು. ಹೊಸ ಸ್ಲ್ಯಾಬಿನ ಒಂದು ಅಂಚನ್ನು ಹಳೇ ಗೋಡೆಯಲ್ಲಿ ಗೂಡು ಕೊರೆದು ಕೂರಿಸುವುದು, ಹಳೇ ಕಾಲಂಗೆ ರಂಧ್ರ ಹಾಕಿ ಕಬ್ಬಿಣ ತೂರಿಸಿ ತೊಲೆ ಕಟ್ಟುವುದು, ಎರಡು ಕಾಲಂ ಉಳಿಸುವ ಈ ಆಸೆಯೇ ಬಹಳಷ್ಟು ಬಿರುಕುಗಳ ಮೂಲ. ಹಳೇ ಪಾಯ ತಾನು ಕೂರುವಷ್ಟು ಕೂತು ಸುಮ್ಮನಾಗಿರುತ್ತದೆ, ಹೊಸದು ಇನ್ನೂ ಕೂರುತ್ತಿರುತ್ತದೆ. ಎರಡನ್ನೂ ಬಿಗಿದು ಕಟ್ಟಿದರೆ ನಡುವೆ ಸೀಳುವುದು ಖಂಡಿತ.

ಆದ್ದರಿಂದ ಹೊಸದಕ್ಕೆ ಅದರದೇ ಕಾಲಂ, ಅದರದೇ ತೊಲೆ. ಎರಡರ ನಡುವೆ ಪಾಯದ ಮೇಲ್ಮಟ್ಟದಿಂದ ಸೂರಿನವರೆಗೆ ಒಂದೇ ಸಮನೆ ಬಿಡುವ ಸಂದು ಬೇಕು. ಭೂಕಂಪದಲ್ಲಿ ಎರಡು ಕಟ್ಟಡಗಳೂ ಬೇರೆ ಬೇರೆ ಲಯದಲ್ಲಿ ಅಲುಗುತ್ತವೆ. ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 4326 ಈ ಸಂದು 25 ಮಿ.ಮೀ.ಗಿಂತ ಕಡಿಮೆ ಇರಬಾರದೆನ್ನುತ್ತದೆ. ಒಂದಂತಸ್ತಿಗೂ 50 ಮಿ.ಮೀ. ಇಟ್ಟುಕೊಳ್ಳುವುದು ಲೇಸು, ಯಾಕೆಂದರೆ ಅದಕ್ಕಿಂತ ಕಿರಿದಾದ ಸಂದಿನೊಳಗೆ ಸೆಂಟ್ರಿಂಗ್ ಹಲಗೆ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯುತ್ತದೆ. ಕಾಂಕ್ರೀಟು ಚೂರು, ಇಟ್ಟಿಗೆ ಚೂರು ಬಿದ್ದು ತುಂಬಿದ ಸಂದು ಸಂದೇ ಅಲ್ಲ. ಮೇಸ್ತ್ರಿಗಳು "ತೂತು ಕಾಣುತ್ತದೆ" ಎಂದು ಗಾರೆ ತುಂಬಿ ಮುಚ್ಚುವ ಅಭ್ಯಾಸವಿದೆ, ಅದಕ್ಕೆ ಅವಕಾಶ ಕೊಡಬೇಡಿ.

ರೂಪದ ವಿಚಾರ: ಹಳೆಯ ಕಮಾನು, ಕಂಬಗಳನ್ನು ಸಿಮೆಂಟಿನಲ್ಲಿ ನಕಲು ಮಾಡಬೇಡಿ. ಹೊಸದು ಹೊಸದಾಗಿಯೇ ಕಾಣಲಿ, ಆದರೆ ಹಳೆಯದರ ಸೂರಿನಂಚಿಗಿಂತ ತಗ್ಗಿರಲಿ. ಮುಖ್ಯ ಬಾಗಿಲು ರಸ್ತೆಯಿಂದ ನೇರವಾಗಿ ಕಾಣುವಂತೆ ನಡುವೆ ಬಯಲು ಬಿಡಿ. ಕಚೇರಿಗೆ ಬಂದ ಜನ ಮೊಬೈಲ್ ಅಂಗಡಿಯಲ್ಲಿ ದಾರಿ ಕೇಳುವಂತಾಗಬಾರದು.

4. ಪಾಯ

ಮಣ್ಣು ಪರೀಕ್ಷೆಗೆ ಹಣ ಉಳಿಸಬೇಡಿ. ಹಳೇ ಮೈಸೂರು ಸೀಮೆಯ ಗಟ್ಟಿ ಗರಸು, ಕರಾವಳಿಯ ಕೆಂಪುಕಲ್ಲು, ಧಾರವಾಡ, ಗದಗ, ಕಲಬುರಗಿ ಕಡೆಯ ಎರೆಮಣ್ಣು, ಮೂರಕ್ಕೂ ಒಂದೇ ಪಾಯ ಆಗದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಗುರವಾದ ಒಂದಂತಸ್ತಿನ ಮಳಿಗೆ ಕಟ್ಟಿದರೆ ಕಟ್ಟಡದ ಭಾರ ಮಣ್ಣಿನ ಉಬ್ಬನ್ನು ಅದುಮಿ ಹಿಡಿಯಲಾರದು. ಅಲ್ಲಿ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಅಂಡರ್-ರೀಮ್ಡ್ ಪೈಲ್, ಅಂದರೆ ಕಾಂಕ್ರೀಟ್ ಗೂಟ, ಸಾಮಾನ್ಯ ಪರಿಹಾರ. ಗೂಟದ ಬುಡ ಉಬ್ಬುವ ಪದರವನ್ನು ದಾಟಿ ಕೆಳಗಿಳಿದಿರಬೇಕು, ಮೇಲಿನ ತೊಲೆಯ ಅಡಿಗೆ ಮಣ್ಣು ತಾಗದಂತೆ ಸಂದು ಬಿಡಬೇಕು.

ಹಳೇ ಪಾಯದ ಹತ್ತಿರ ಹೊಸ ಪಾಯವನ್ನು ಅದಕ್ಕಿಂತ ಆಳಕ್ಕೆ ಒಯ್ಯುವುದು ಅಪಾಯ. ಲೆಕ್ಕ ಸರಳ: ಎರಡರ ಆಳದ ವ್ಯತ್ಯಾಸ ಎಷ್ಟೋ ಅದರ ಎರಡರಷ್ಟು ಅಡ್ಡ ದೂರ ಇರಲಿ. ಅಂದರೆ ಹೊಸ ಪಾಯ ಅರ್ಧ ಮೀಟರ್ ಹೆಚ್ಚು ಆಳವಿದ್ದರೆ ಅಂಚಿನಿಂದ ಅಂಚಿಗೆ ಒಂದು ಮೀಟರ್. ಅಷ್ಟು ಜಾಗವಿಲ್ಲವೆಂದರೆ ಎರಡನ್ನೂ ಒಂದೇ ಆಳಕ್ಕೆ ನಿಲ್ಲಿಸಿ, ಇಲ್ಲವೇ ಕಾಲಂಗಳನ್ನು ಹಳೇ ಗೋಡೆಯಿಂದ ದೂರ ಸರಿಸಿ ಸ್ಲ್ಯಾಬನ್ನು ಆ ಕಡೆಗೆ ಚಾಚಿ.

ಗೋಡೆ ಪಕ್ಕದ ಕಾಲುವೆಯನ್ನು ಒಂದೇ ದಿನ ಉದ್ದಕ್ಕೂ ಜೆಸಿಬಿಯಲ್ಲಿ ಅಗೆಸಬೇಡಿ. ಒಂದರಿಂದ ಒಂದೂಕಾಲು ಮೀಟರ್ ತುಂಡುಗಳಾಗಿ, ಒಂದು ಬಿಟ್ಟು ಒಂದು, ಕೈಯಿಂದ ಅಗೆಸಿ. ತುಂಬಿಸಿ ಗಟ್ಟಿಯಾದ ಮೇಲೆ ಬಿಟ್ಟ ತುಂಡುಗಳಿಗೆ ಕೈ ಹಚ್ಚಿ. ಜನವರಿಯಿಂದ ಮೇ ಒಳಗೆ ಪಾಯದ ಕೆಲಸ ಮುಗಿಯುವಂತೆ ಟೆಂಡರ್ ವೇಳಾಪಟ್ಟಿ ಹಾಕಿಕೊಳ್ಳಿ. ಜೂನ್‌ನಲ್ಲಿ ಅಗೆದ ಗುಂಡಿಗೆ ನೀರು ನಿಂತರೆ ನೆನೆಯುವುದು ಹಳೇ ಪಾಯವೂ ಹೌದು.

ಮುಂದೆ ಮಹಡಿ ಏರಿಸುವ ಯೋಚನೆ ಇದ್ದರೆ ಈಗಲೇ ಹೇಳಿ, ಪಾಯ ಮತ್ತು ಕಾಲಂ ಅದಕ್ಕೆ ತಕ್ಕಂತೆ ಇರಲಿ. ಚಿಲ್ಲರೆ ಅಂಗಡಿಯ ನೆಲಕ್ಕೆ ಐಎಸ್ 875 ಪ್ರಕಾರ ಚದರ ಮೀಟರಿಗೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕಿಲೋ ಭಾರ ಹಿಡಿಯಬೇಕು. ಮನೆಯ ಕೋಣೆಗೆ ಹಿಡಿಯುವುದು ಇದರ ಅರ್ಧ. ಮನೆ ಕಟ್ಟುವ ಲೆಕ್ಕದಲ್ಲಿ ಸ್ಲ್ಯಾಬ್ ಹಾಕಿ ಆಮೇಲೆ ಅದರ ಮೇಲೆ ಅಂಗಡಿ ಇಡಲಾಗದು. ಹಾಗೆಯೇ "ಮುಂದೆ ಬೇಕಾಗುತ್ತದೆ" ಎಂದು ತಾರಸಿಯ ಮೇಲೆ ಕಬ್ಬಿಣದ ಸರಳು ಬಿಟ್ಟರೆ ಹತ್ತು ವರ್ಷದಲ್ಲಿ ತುಕ್ಕು ತಿಂದಿರುತ್ತದೆ. ಬಿಡಲೇಬೇಕಾದರೆ ಸಿಮೆಂಟ್ ಹಾಲು ಬಳಿದು, ಬಡ ಕಾಂಕ್ರೀಟಿನಲ್ಲಿ, ಅಂದರೆ ಸಿಮೆಂಟು ಕಡಿಮೆ ಹಾಕಿದ ಕಾಂಕ್ರೀಟಿನಲ್ಲಿ, ಮುಚ್ಚಿಡಿ. ಆಮೇಲೆ ಒಡೆಯುವುದು ಸುಲಭ.

5. ಮಳಿಗೆಯ ಅಳತೆ, ಮುಂದಿನ ಮೊಗಸಾಲೆ

ನಮ್ಮ 30 ಮೀಟರಿನಲ್ಲಿ 6 ಮೀಟರ್ ಮುಖ್ಯ ಗೇಟಿಗೆ. ಅಗ್ನಿಶಾಮಕ ವಾಹನ ಒಳಬರಬೇಕು, ಅದನ್ನು ಕಿರಿದು ಮಾಡಬೇಡಿ, ಮೇಲೆ ತಗ್ಗಿನ ಕಮಾನೂ ಬೇಡ. ಉಳಿದ 24 ಮೀಟರಿನಲ್ಲಿ ಒಳಗಲ 3 ಮೀಟರ್, ಗೋಡೆ 200 ಮಿ.ಮೀ. ಲೆಕ್ಕದಲ್ಲಿ 7 ಮಳಿಗೆಗಳು 22.6 ಮೀಟರಿನಲ್ಲಿ ಕೂರುತ್ತವೆ. ಮಿಕ್ಕ 1.4 ಮೀಟರ್ ಜಾಗ ಕರೆಂಟು ಮೀಟರುಗಳ ಕೋಣೆಗೆ. ಎಂಟನೆಯ ಮಳಿಗೆ ತುರುಕಲು ಅಗಲವನ್ನು 2.6ಕ್ಕೆ ಇಳಿಸುವ ಒತ್ತಡ ಬಂದೇ ಬರುತ್ತದೆ. ಇಳಿಸಿದರೆ ಎರಡು ಬದಿ ರ‍್ಯಾಕು, ನಡುವೆ ಗಿರಾಕಿ ನಿಲ್ಲುವ ಜಾಗ ಎರಡೂ ಹೊಂದುವುದಿಲ್ಲ. ವ್ಯಾಪಾರ ರಸ್ತೆಗೆ ಬರುತ್ತದೆ. ಆಳ 4.5 ಮೀಟರ್ ಇದ್ದರೆ ಒಳವಿಸ್ತೀರ್ಣ 13.5 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 145 ಚದರಡಿ. ಔಷಧಿ ಅಂಗಡಿ, ನಂದಿನಿ ಮಳಿಗೆ, ಮೊಬೈಲ್ ದುರಸ್ತಿ, ಜೆರಾಕ್ಸ್, ಎಲ್ಲಕ್ಕೂ ಇದು ನಡೆಯುತ್ತದೆ.

ದೊಡ್ಡ ಜಾಗ ಕೇಳುವವರೂ ಬರುತ್ತಾರೆ. ಅದಕ್ಕಾಗಿ ಕಾಲಂಗಳನ್ನು ಮುಂದಿನ ಮತ್ತು ಹಿಂದಿನ ಸಾಲಿನಲ್ಲಿ ಮಾತ್ರ ನಿಲ್ಲಿಸಿ, ಮಳಿಗೆಗಳ ನಡುವಿನ ಗೋಡೆ ಭಾರ ಹೊರದ ಬ್ಲಾಕ್ ಗೋಡೆಯಾಗಿರಲಿ. ನಾಳೆ ಎರಡು ಮಳಿಗೆ ಸೇರಿಸಬೇಕೆಂದರೆ ಗೋಡೆ ತೆಗೆದರಾಯಿತು, ಸೂರಿಗೆ ಏನೂ ಆಗುವುದಿಲ್ಲ. ಆ ಗೋಡೆ ಸೂರಿನವರೆಗೂ ಏರಿರಲಿ. ಮೇಲೆ ಅರ್ಧ ಅಡಿ ಬಿಟ್ಟ ಗೋಡೆ ಕಳ್ಳರಿಗೂ ಹೊಗೆಗೂ ದಾರಿ.

ನೆಲದಿಂದ ಸ್ಲ್ಯಾಬಿನ ಅಡಿಗೆ 3.6 ಮೀಟರ್ ಎತ್ತರ ಕೊಡಿ. ಹಿಂಗೋಡೆಯ ಉದ್ದಕ್ಕೂ 2.2 ಮೀಟರ್ ಎತ್ತರದಲ್ಲಿ 600 ಮಿ.ಮೀ. ಚಾಚಿದ ಕಾಂಕ್ರೀಟ್ ಅಟ್ಟ ನೀವೇ ಹಾಕಿಕೊಟ್ಟುಬಿಡಿ, ಅವರು ಗೋಡೆ ಕೊರೆದು ಮರದ ಅಟ್ಟ ಹೊಡೆಯುವುದು ತಪ್ಪುತ್ತದೆ. ಮೆಜನೈನ್, ಅಂದರೆ ಮಳಿಗೆಯೊಳಗಿನ ನಡುಮಹಡಿ, ಇಷ್ಟು ಚಿಕ್ಕ ಮಳಿಗೆಗೆ ಬೇಡ. ಅದಕ್ಕೆ ಮೇಲೂ ಕೆಳಗೂ 2.2 ಮೀಟರ್ ಬಿಡಬೇಕು, ಏಣಿ ಒಂದು ಮೂಲೆ ನುಂಗುತ್ತದೆ, ಬೆಂಕಿ ಬಿದ್ದರೆ ಮೇಲಿನವರು ಇಳಿಯಲಾಗದು.

ರೋಲಿಂಗ್ ಶಟರ್: ಅಗಲ 3, ಎತ್ತರ 2.5, ಒಟ್ಟು 7.5 ಚದರ ಮೀಟರ್. 8 ಚದರ ಮೀಟರ್ ಒಳಗಿದ್ದರೆ ಕೈಯಿಂದ ಎಳೆಯುವ ಸಾದಾ ಶಟರ್ ಸಾಕು. ಅದನ್ನು ದಾಟಿದರೆ ಬಾಲ್ ಬೇರಿಂಗ್ ಇರುವುದೇ ಬೇಕು. ಪಟ್ಟಿಯ ತಗಡು 1.25 ಮಿ.ಮೀ. ದಪ್ಪ ಎಂದು ಅಂದಾಜು ಪಟ್ಟಿಯಲ್ಲಿ ಬರೆಸಿ, ಬಂದಾಗ ಅಳೆಯಿರಿ. ಸುರುಳಿ ಕೂರಲು ತೆರಪಿನ ಮೇಲೆ 350 ಮಿ.ಮೀ. ಜಾಗ ಬೇಕು. ನಕ್ಷೆಯಲ್ಲಿ ಇದನ್ನು ಮರೆತರೆ ಸುರುಳಿ ಹೊರಗೆ ಜೋತುಬಿದ್ದು ಹೆಸರಿನ ಫಲಕಕ್ಕೆ ಅಡ್ಡ ಬರುತ್ತದೆ.

ಇನ್ನು ಮುಂದಿನ ಮೊಗಸಾಲೆ. ಇಡೀ ಯೋಜನೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಅಗಲ 2 ಮೀಟರ್ ಇರಲಿ. ಶಟರಿನಿಂದ 500 ಮಿ.ಮೀ. ದೂರದಲ್ಲಿ ನೆಲಕ್ಕೆ ಬೇರೆ ಬಣ್ಣದ ಗ್ರಾನೈಟ್ ಪಟ್ಟಿ ಕೂರಿಸಿ: ಪಟ್ಟಿಯ ಒಳಗೆ ಅಂಗಡಿಯವರು ಸಾಮಾನು ಇಡಬಹುದು, ಹೊರಗಿನ 1.5 ಮೀಟರ್ ಜನರದು. ಒಂದೂ ಡಬ್ಬ ಹೊರಗಿಡಬಾರದು ಎಂಬ ನಿಯಮ ಯಾರೂ ಪಾಲಿಸುವುದಿಲ್ಲ. ಗೆರೆ ಕಣ್ಣಿಗೆ ಕಾಣುತ್ತಿದ್ದರೆ ಬಹುಪಾಲು ಜನ ಪಾಲಿಸುತ್ತಾರೆ. 1.2 ಮೀಟರಿನ ಮೊಗಸಾಲೆ ಕೊಟ್ಟರೆ ಅದು ಪೂರ್ತಿ ಅಂಗಡಿಗೇ ಸೇರಿತೆಂದು ತಿಳಿಯಿರಿ.

ಮೊಗಸಾಲೆಯ ಸೂರನ್ನು ಇನ್ನೂ 600 ಮಿ.ಮೀ. ಮುಂದಕ್ಕೆ ಚಾಚಿ. ಪಶ್ಚಿಮಕ್ಕೆ ಮುಖವಿದ್ದರೆ ಮಧ್ಯಾಹ್ನ ಮೂರರ ಬಿಸಿಲು ಇದರಡಿಯಿಂದಲೂ ನುಗ್ಗುತ್ತದೆ. ಕ್ಯಾನ್ವಾಸ್ ಪರದೆ ಇಳಿಬಿಟ್ಟು ಸುತ್ತಿಡುವಂತೆ ತೊಲೆಯಡಿ ಕೊಕ್ಕೆಗಳನ್ನು ಕಾಂಕ್ರೀಟು ಹಾಕುವಾಗಲೇ ಹುಗಿಸಿ. ತಗಡಿನ ಶೀಟು ಬರುವುದು ಈ ಕೊಕ್ಕೆಗಳು ಇಲ್ಲದ ಕಡೆ.

ಮೊಗಸಾಲೆಯ ಮುಂದಿನ ತೊಲೆಯ ಮೇಲೆ ಎಲ್ಲ ಮಳಿಗೆಗೂ ಒಂದೇ ಎತ್ತರದ, 600 ಮಿ.ಮೀ. ಅಗಲದ ಫಲಕದ ಪಟ್ಟಿ ಗೊತ್ತುಮಾಡಿ, ದೀಪದ ವೈರನ್ನು ಅಲ್ಲಿಗೇ ತಂದುಬಿಡಿ. ನಾಮಫಲಕದ 60% ಕನ್ನಡದಲ್ಲಿರಬೇಕೆಂಬುದು 2024ರ ತಿದ್ದುಪಡಿಯಿಂದ ಕಾನೂನೇ ಆಗಿದೆ. ಅಂದರೆ ಇದರಲ್ಲಿ ಮೇಲಿನ 360 ಮಿ.ಮೀ. ಕನ್ನಡಕ್ಕೆ ಎಂದು ಕರಾರಿನ ನಕ್ಷೆಯಲ್ಲೇ ಗೆರೆ ಎಳೆದು ತೋರಿಸಬಹುದು.

6. ನೆಲಮಟ್ಟ ಮತ್ತು ರ‍್ಯಾಂಪ್

ಮಳಿಗೆಯ ನೆಲ ರಸ್ತೆಯ ನಡುಮಟ್ಟದಿಂದ 450 ಮಿ.ಮೀ. ಮೇಲಿರಲಿ. ಹೆಚ್ಚಾಯಿತು ಅನಿಸಬಹುದು. ಆದರೆ ಹಳೇ ಡಾಂಬರು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ ರಸ್ತೆ ಏರುತ್ತಲೇ ಇರುತ್ತದೆ, ತಗ್ಗಿನ ಮಳಿಗೆಗೆ ಚರಂಡಿ ನೀರು ನುಗ್ಗುತ್ತದೆ. ಹಳೇ ಕಚೇರಿಯ ನೆಲ ಇದಕ್ಕಿಂತ ತಗ್ಗಿದ್ದರೆ ನಡುವಿನ ಓಣಿಯ ನೀರು ಹೊರಹೋಗುವ ದಾರಿಯನ್ನು ಮೊದಲು ಗೊತ್ತುಮಾಡಿ. ಮಳಿಗೆ ಸಾಲು ಅಣೆಕಟ್ಟಾಗಿ ನಿಂತು ಕಚೇರಿ ಅಂಗಳ ಕೆರೆಯಾದ ಮೇಲೆ ಸರಿಪಡಿಸುವುದು ಕಷ್ಟ.

ರ‍್ಯಾಂಪಿನ ಇಳಿಜಾರು 12ಕ್ಕೆ 1. 450 ಮಿ.ಮೀ. ಏರಲು 5.4 ಮೀಟರ್ ಉದ್ದ ಬೇಕು. ಅಷ್ಟು ಉದ್ದವನ್ನು ರಸ್ತೆ ಕಡೆಗೆ ಚಾಚಲಾಗದು, ಮೊಗಸಾಲೆಯ ಮುಂದೆ ಅದಕ್ಕೆ ಸಮಾಂತರವಾಗಿ ಹಾಕಿ. ಅಗಲ 1.2 ಮೀಟರ್, ಮೇಲೂ ಕೆಳಗೂ ಗಾಲಿಕುರ್ಚಿ ತಿರುಗಲು 1.5 ಮೀಟರ್ ಸಮತಟ್ಟು ಜಾಗ, ಎರಡೂ ಬದಿ ಕೈಕಂಬಿ. ಮೂರಡಿ ಉದ್ದದ ಕಡಿದಾದ ಇಳಿಜಾರು ಹಾಕಿ ರ‍್ಯಾಂಪ್ ಎಂದು ಬಿಲ್ಲು ಬರೆಯುವುದು ಎಲ್ಲೆಡೆ ನಡೆಯುತ್ತದೆ. ಅದರ ಮೇಲೆ ಬೈಕು ಮಾತ್ರ ಏರುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಸೌಲಭ್ಯದ ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ.

7. ಮಳೆನೀರು

ನಮ್ಮ ಉದಾಹರಣೆಯಲ್ಲಿ ಮಳಿಗೆ, ಮೊಗಸಾಲೆ, ಚಾಚು ಎಲ್ಲ ಸೇರಿ ಸೂರು ಸುಮಾರು 170 ಚದರ ಮೀಟರ್. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ 100 ಮಿ.ಮೀ. ವ್ಯಾಸದ ಒಂದು ಪೈಪು ಸುಮಾರು 42 ಚದರ ಮೀಟರ್ ಸೂರಿನ ನೀರನ್ನು ಇಳಿಸುತ್ತದೆ. ಲೆಕ್ಕಕ್ಕೆ ನಾಲ್ಕು ಸಾಕು, ಒಂದಕ್ಕೆ ಎಲೆಕಸ ಕಟ್ಟಿಕೊಳ್ಳುತ್ತದೆಂದು ಐದು ಹಾಕಿ. ಕರಾವಳಿ, ಮಲೆನಾಡಿನಲ್ಲಿ 150 ಮಿ.ಮೀ. ರಭಸ ಹಿಡಿದರೆ ಪೈಪೊಂದಕ್ಕೆ 28 ಚದರ ಮೀಟರ್ ಮಾತ್ರ, ಏಳು ಬೇಕು. ಸೂರಿನ ಇಳಿಜಾರು ಮೀಟರಿಗೆ 10 ಮಿ.ಮೀ. ಇರಲಿ, ಹಳೇ ಕಟ್ಟಡದಿಂದ ದೂರಕ್ಕೆ ಇರಲಿ.

ಅಂಟಿಸಿ ಕಟ್ಟಿದಲ್ಲಿ ಸೋರುವುದು ಆ ಸಂದಿನಲ್ಲೇ. ಹಳೇ ಹೆಂಚಿನ ಮಾಡಿನ ನೀರೆಲ್ಲ ಹೊಸ ತಾರಸಿಗೆ ಬೀಳುವಂತಿದ್ದರೆ ಅದನ್ನು ಮೊದಲು ದೋಣಿ ಕಟ್ಟಿ ಬೇರೆಡೆಗೆ ಒಯ್ಯಿರಿ. ಸಂದಿನ ಎರಡೂ ಬದಿ ತಾರಸಿಯಿಂದ ಕನಿಷ್ಠ 150 ಮಿ.ಮೀ. ಎತ್ತರದ ಕಟ್ಟೆ ಇರಲಿ. ಮೇಲೆ ಅಲ್ಯೂಮಿನಿಯಂ ತಗಡಿನ ಮುಚ್ಚಳ ಹಾಕಿ ಒಂದು ಬದಿಗೆ ಮಾತ್ರ ಸ್ಕ್ರೂ ಬಿಗಿಯಿರಿ. ಇನ್ನೊಂದು ಬದಿ ಜಾರುವಂತಿರಬೇಕು. ಎರಡೂ ಬದಿ ಬಿಗಿದರೆ ಮೊದಲ ಬೇಸಿಗೆಗೇ ಸ್ಕ್ರೂ ಕಿತ್ತುಬರುತ್ತದೆ.

8. ಕರೆಂಟು, ಏಸಿ, ನೀರು, ಶೌಚಾಲಯ

ಪ್ರತಿ ಮಳಿಗೆಗೂ ವಾಣಿಜ್ಯ ದರದ ಪ್ರತ್ಯೇಕ ಮೀಟರು. ಕಚೇರಿಯ ಮೀಟರಿನಿಂದ ಎಳೆದು ಸಬ್ ಮೀಟರ್ ಕೊಟ್ಟರೆ ಬಾಕಿ ವಸೂಲಿಯ ತಲೆನೋವು ನಿಮ್ಮದೇ. ಐದು ಮಳಿಗೆಗೆ 3 ಕಿಲೋವ್ಯಾಟ್, ಫ್ರೀಜರ್ ಇಡಬಹುದಾದ ಎರಡಕ್ಕೆ 5 ಕಿಲೋವ್ಯಾಟ್ ಹಿಡಿದರೆ ಒಟ್ಟು 25. ಎಸ್ಕಾಂಗೆ ಅರ್ಜಿಯನ್ನು ಪಾಯ ಹಾಕುವಾಗಲೇ ಕೊಡಿ, ಟ್ರಾನ್ಸ್‌ಫಾರ್ಮರ್ ಸಾಲದಿದ್ದರೆ ಆಗಲೇ ತಿಳಿಯುತ್ತದೆ. ಏಸಿಗೆ ಬೋರ್ಡಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರು, ಪ್ರತಿ ಮಳಿಗೆಗೂ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿ ಶಾಕ್ ಹೊಡೆಯುವ ಸಂದರ್ಭದಲ್ಲಿ ತಾನೇ ಕತ್ತರಿಸುವ ಸ್ವಿಚ್ಚು. ಇಂಟರ್‌ನೆಟ್ ಕೇಬಲ್ಲಿಗೆ ಒಂದು ಖಾಲಿ ಪೈಪನ್ನು ಮರೆಯಬೇಡಿ.

ಹಿಂಗೋಡೆಯಲ್ಲಿ ಏಸಿಯ ಪೈಪಿಗೆ 75 ಮಿ.ಮೀ. ತೂತು, ಹೊರಯಂತ್ರಕ್ಕೆ ಕಾಂಕ್ರೀಟ್ ಹಲಗೆ, ತೊಟ್ಟಿಕ್ಕುವ ನೀರಿಗೆ 25 ಮಿ.ಮೀ. ಪೈಪು ಮೊದಲೇ ಇರಲಿ. ಬಿಸಿಗಾಳಿ ಕಚೇರಿಯ ಕಿಟಕಿಗೆ ನೇರ ಬೀಸದಂತೆ ಹಲಗೆಯನ್ನು ಕಿಟಕಿಯ ಮಟ್ಟಕ್ಕಿಂತ ಮೇಲಿಡಿ.

ನೀರು ಮತ್ತು ಚರಂಡಿಯ ಒಂದೊಂದು ಸಂಪರ್ಕವನ್ನು ಎಲ್ಲ ಮಳಿಗೆಗೂ ತಂದು ಮುಚ್ಚಳ ಹಾಕಿಡಿ. ಅಡುಗೆ ಮಾಡುವ ಅಂಗಡಿಗೆ ತುದಿಯ ಮಳಿಗೆಯನ್ನೇ ಮೀಸಲಿಟ್ಟು, ಅಲ್ಲಿ ಜಿಡ್ಡು ತಡೆಯುವ ಗುಂಡಿ ಕಟ್ಟಿ. ಇದಿಲ್ಲದೆ ಹೋಟೆಲಿನ ನೀರು ಹಳೇ ಚರಂಡಿಗೆ ಸೇರಿದರೆ ಕಟ್ಟಿಕೊಳ್ಳುವುದು ಕಚೇರಿಯ ಶೌಚಾಲಯ. ಅಂಗಡಿಯವರಿಗೂ ಗಿರಾಕಿಗಳಿಗೂ ಹೆಣ್ಣು ಗಂಡಿಗೆ ಬೇರೆ ಬೇರೆ ಶೌಚಾಲಯ ಬೇಕು. ಲೆಕ್ಕಕ್ಕೆ ಇಲ್ಲದ ಜಾಗವೆಂದು ಇದನ್ನು ಕೈಬಿಟ್ಟ ಯೋಜನೆಗಳು ಎಷ್ಟೋ!

9. ಬೆಂಕಿ

ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ 2012ರಲ್ಲಿ ಬೆಂಕಿ ಬಿದ್ದು ಸಾಲುಸಾಲು ಮಳಿಗೆಗಳು ಸುಟ್ಟವು. ಒತ್ತೊತ್ತಾದ ಅಂಗಡಿಗಳಲ್ಲಿ ಒಂದಕ್ಕೆ ಹತ್ತಿದ್ದು ಒಂದರಲ್ಲೇ ನಿಲ್ಲುವುದಿಲ್ಲ. ಸೂರಿನವರೆಗೆ ಏರಿದ ನಡುಗೋಡೆ ಇಲ್ಲಿ ಮೊದಲ ರಕ್ಷಣೆ. ಹಳೇ ಕಟ್ಟಡದಿಂದ ಹೊರಬರುವ ಯಾವ ಬಾಗಿಲೂ ಮಳಿಗೆಯ ಹಿಂದೆ ಮುಚ್ಚಿಹೋಗಬಾರದು. ಮುಚ್ಚಲೇಬೇಕಾದರೆ ಬದಲಿ ಬಾಗಿಲು ತೆರೆದ ಮೇಲೆಯೇ. ಸಿಲಿಂಡರು ಮಳಿಗೆಯ ಒಳಗಲ್ಲ, ಹೊರಗೆ ಗಾಳಿಯಾಡುವ ಜಾಲರಿ ಗೂಡಿನಲ್ಲಿ. ಪಟಾಕಿ, ಬಣ್ಣ, ಥಿನ್ನರ್ ಮಾರಾಟಕ್ಕೆ ಇಂಥ ಮಳಿಗೆ ಕೊಡಬೇಡಿ.

10. ಟೆಂಡರ್ ಮತ್ತು ಕೆಲಸದ ದಿನಗಳು

ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಎಂಬ ಕ್ರಮ ನಿಮಗೆ ಗೊತ್ತಿರುವುದೇ. ಟೆಂಡರ್ ಪತ್ರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು "ಕಚೇರಿ ನಡೆಯುತ್ತಲೇ ಇರುತ್ತದೆ" ಎಂಬ ಷರತ್ತು. ಜನರ ದಾರಿ ಬೇರೆ, ಲಾರಿಯ ದಾರಿ ಬೇರೆ, ಶೀಟಿನ ತಡೆಗೋಡೆ, ಸದ್ದಿನ ಕೆಲಸಕ್ಕೆ ಗೊತ್ತಾದ ವೇಳೆ, ಇವನ್ನೆಲ್ಲ ಬರೆಯದಿದ್ದರೆ ಆಮೇಲೆ ಪ್ರತಿಯೊಂದಕ್ಕೂ ಹೆಚ್ಚುವರಿ ಹಣ ಕೇಳುತ್ತಾರೆ.

ಸ್ಥಳದಲ್ಲಿ ನೀವು ಕಣ್ಣಿಡಬೇಕಾದ್ದು ಇಷ್ಟು. ಕಬ್ಬಿಣದ ಹೊರಗೆ ಕಾಂಕ್ರೀಟಿನ ಹೊದಿಕೆ ಪಾಯಕ್ಕೆ 50, ಕಾಲಂಗೆ 40, ಸ್ಲ್ಯಾಬಿಗೆ 20 ಮಿ.ಮೀ. ಇದೆಯೇ ಎಂದು ಕಾಂಕ್ರೀಟು ಹಾಕುವ ಮುಂಚೆ ಅಳೆಯಿರಿ. ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕು. ನೀರು ಹಳೇ ಗೋಡೆಯ ಬುಡಕ್ಕೆ ಹರಿಯದಂತೆ ಮಣ್ಣಿನ ಬದು ಕಟ್ಟಿಸಿ. ಇಟ್ಟಿಗೆ, ಜಲ್ಲಿ, ಮರಳನ್ನು ಹಳೇ ಗೋಡೆಗೆ ಒರಗಿಸಿ ಸುರಿಯಲು ಬಿಡಬೇಡಿ. ಸುಣ್ಣದ ಗಾರೆಯ ಗೋಡೆ ಹತ್ತಿರವಿದ್ದರೆ ನೆಲ ಗಟ್ಟಿಸಲು ಕಂಪಿಸುವ ರೋಲರ್ ಬೇಡ, ಕೈದಿಮ್ಮಸು ಸಾಕು.

11. ಹಸ್ತಾಂತರ

ಹರಾಜಿಗೆ ಮುಂಚೆ ಬಾಡಿಗೆ ಲೆಕ್ಕ ಒಳವಿಸ್ತೀರ್ಣದ ಮೇಲೆ ಎಂದು ಸ್ಪಷ್ಟಪಡಿಸಿ, ಪ್ರತಿ ಮಳಿಗೆಯ ಅಳತೆಯನ್ನು ಬಾಗಿಲ ಮೇಲೇ ಬರೆಸಿ. ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರಿಗೆ ಮೀಸಲಾದ ಮಳಿಗೆಗಳನ್ನು ಚಾಲ್ತಿಯಲ್ಲಿರುವ ಆದೇಶದಂತೆ ಮೊದಲೇ ಗುರುತಿಸಿ. ಅಂಗವಿಕಲರಿಗೆ ರ‍್ಯಾಂಪಿನ ತುದಿಯ ಮಳಿಗೆ ಕೊಡುವಷ್ಟು ಸಾಮಾನ್ಯ ತಿಳಿವಳಿಕೆ ಇರಲಿ. ಆ ಜಾಗದಲ್ಲಿ ಮೊದಲಿಂದ ಕೂತು ಮಾರುತ್ತಿದ್ದ ಬೀದಿ ವ್ಯಾಪಾರಿಗಳನ್ನು ಪೊಲೀಸರನ್ನು ಕರೆದು ಎಬ್ಬಿಸುವಂತಿಲ್ಲ. 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ವಿಷಯ ಬರಬೇಕು. ಪಕ್ಕದಲ್ಲಿ ಶಾಲೆ ಕಾಲೇಜಿದ್ದರೆ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬುದನ್ನು ಕರಾರಿನಲ್ಲಿ ಸೇರಿಸಿ.

ಕರಾರಿನ ಜೊತೆ ಒಂದು ಹಾಳೆಯ ನಕ್ಷೆ ಲಗತ್ತಿಸಿ: ಎಲ್ಲಿ ಮೊಳೆ ಹೊಡೆಯಬಹುದು, ಎಲ್ಲಿ ಕೂಡದು, ಏಸಿ ಎಲ್ಲಿ, ಫಲಕ ಎಲ್ಲಿ, ಗ್ರಾನೈಟ್ ಗೆರೆ ಎಲ್ಲಿ. ಕಾಲಂ ಮತ್ತು ತೊಲೆಗಳನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಅವನ್ನು ಕೊರೆದರೆ ಠೇವಣಿ ಮುಟ್ಟುಗೋಲು ಎಂದು ಬರೆಯಿರಿ. ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿಯಲ್ಲಿ, ಅಂದರೆ ಕೆಲಸದ ದೋಷವನ್ನು ಅವನೇ ಸರಿಪಡಿಸಿಕೊಡಬೇಕಾದ ಅವಧಿಯಲ್ಲಿ, ಒಂದು ಪೂರ್ತಿ ಮಳೆಗಾಲವಾದರೂ ಬರುವಂತೆ ನೋಡಿಕೊಂಡು, ಆ ಮಳೆಗಾಲದಲ್ಲಿ ಸಂದು, ತಾರಸಿಯ ಪೈಪು, ಹಿಂದಿನ ಓಣಿ, ಹಳೇ ಗೋಡೆಯ ಗಾಜಿನ ಪಟ್ಟಿ ನಾಲ್ಕನ್ನೂ ನೋಡಿ ಪುಸ್ತಕದಲ್ಲಿ ದಾಖಲಿಸಿ, ಆಮೇಲೆಯೇ ಭದ್ರತಾ ಠೇವಣಿ ಬಿಡುಗಡೆಗೆ ಸಹಿ ಹಾಕಿ.